ಮುಚ್ಚಳವಿಲ್ಲದ ಕಾರಿನ ಪೂರ್ವಾಪರ

ಕಾರಿನ ವಿಷಯದಲ್ಲಿ ಮುರಳಿಮೋಹನನಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ, ಓಡಿಸುವುದೊಂದನ್ನು ಬಿಟ್ಟು.

ಗೌರಿಬಿದನೂರಿನ ಪಕ್ಕದ ಕುಡುಮಲಕುಂಟೆಯಲ್ಲಿ ಕಾರಿನ ಬಾಗಿಲ ಅಂಚಿಗೆ ಕೂರಿಸುವ ರಬ್ಬರ್ ಬೀಡಿಂಗ್ ತಯಾರಿಸುವ ಕಾರ್ಖಾನೆಯೊಂದಿದೆ. ಇಪ್ಪತ್ತೆರಡು ವರ್ಷದಿಂದ ಅವನು ಅಲ್ಲಿ ಸ್ಟೋರ್ ಕೀಪರ್. "ಕಾರು ಅಂದ್ರೆ ಏನ್ರೀ? ನಾಲ್ಕು ಬೀಡಿಂಗು. ಅದರ ಸುತ್ತ ಒಂದಿಷ್ಟು ತಗಡು" ಎಂಬುದು ಅವನ ಸಿದ್ಧಾಂತ. ಬಸ್ಸಿನಲ್ಲಿ ಹೋಗುವಾಗ ಪಕ್ಕಕ್ಕೆ ಕಾರೊಂದು ಬಂದರೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಬಾಗಿಲ ಅಂಚನ್ನೇ ನೋಡಿ, "ನಮ್ದೇ ಮಾಲು!" ಎಂದು ಕೂಗುತ್ತಿದ್ದ. ಕಾರಿನವರು ಗಾಬರಿಯಾಗಿ ಗಾಜು ಏರಿಸಿಕೊಳ್ಳುತ್ತಿದ್ದರು. ಏರುವ ಗಾಜು ಉಜ್ಜಿಕೊಂಡು ಹೋಗುವುದೂ ಅವನ ಬೀಡಿಂಗನ್ನೇ ಆದ್ದರಿಂದ ಅವನಿಗೆ ಇನ್ನಷ್ಟು ಖುಷಿ.

ಇಂಥವನ ಅಕ್ಕ ಅನಸೂಯಮ್ಮನ ಮಗ ಸಿದ್ಧಾರ್ಥನಿಗೆ ಮದುವೆ ಗೊತ್ತಾಯಿತು. ಹುಡುಗ ಗೌರಿಬಿದನೂರಿನ ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕ. ಹುಡುಗಿ ತನುಜ, ಚಿಂತಾಮಣಿಯವಳು, ಶಿಡ್ಲಘಟ್ಟದ ಶಾಲೆಯೊಂದರಲ್ಲಿ ಮೇಡಂ. ಮದುವೆ ಹುಡುಗನ ಊರಿನ ಸಮುದಾಯ ಭವನದಲ್ಲಿ. ಆ ಊರು ಗೌರಿಬಿದನೂರಿಗೆ ಏಳೆಂಟು ಮೈಲಿ, ಹೆಸರು ಹೇಳಿದರೆ "ನಮ್ಮೂರೇ ಯಾಕೆ ಸಿಕ್ತು ಇವನಿಗೆ?" ಎಂದು ಊರವರು ಅನುಮಾನಪಡುತ್ತಾರೆ, ಬೇಡ. ಈ ಕಥೆಯಲ್ಲಿ ಅನುಮಾನ ಈಗಾಗಲೇ ಸಾಕಷ್ಟಿದೆ.

ಮದುವೆಗೆ ಹದಿನೈದು ದಿನ ಇರುವಾಗ ಮನೆಯವರೆಲ್ಲ ಸೇರಿ ಮಾತಿಗೆ ಕೂತರು. ಅಡುಗೆಯವರು, ಹೂವಿನವರು, ಬುದ್ಧವಂದನೆ ನಡೆಸಿಕೊಡುವವರು, ಎಲ್ಲ ತೀರ್ಮಾನವಾಯಿತು. ಉಳಿದದ್ದು ಮೆರವಣಿಗೆ ಕಾರು. ಅಲ್ಲಿಯವರೆಗೂ ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದ ಹುಡುಗನ ಅಜ್ಜಿ, ಅನಸೂಯಮ್ಮನ ಅತ್ತೆ ಗಂಗುಲಮ್ಮ, ತಲೆ ಎತ್ತಿದರು.

"ಕಾರಿಗೆ ಮುಚ್ಚಳ ಇರಬಾರದು."

"ಯಾಕಜ್ಜಿ?" ಎಂದ ಮುರಳಿಮೋಹನ.

"ಇರಬಾರದು ಅಂದೆ ಕಣಪ್ಪ." ಅಡಕತ್ತರಿ ಕಟಕ್ಕೆಂದಿತು. ಚರ್ಚೆ ಮುಗಿಯಿತು.

ಮುರಳಿಮೋಹನ ಗಂಟಲು ಸರಿಮಾಡಿಕೊಂಡ. "ಅಜ್ಜಿ ಹೇಳ್ತಿರೋದಕ್ಕೆ ನಮ್ಮ ಫೀಲ್ಡಲ್ಲಿ ಕನ್ವರ್ಟಿಬಲ್ ಅಂತೀವಿ. ಮೇಲಿಂದು ಬಿಚ್ಚುತ್ತೆ, ಮುಚ್ಚುತ್ತೆ. ಬಿಚ್ಚದೆ ಹಂಗೇ ಮುಚ್ಕೊಂಡಿದ್ದು, ಎರಡೇ ಬಾಗಿಲಿದ್ರೆ ಅದು ಕೂಪೆ. ಎರಡೂ ಸ್ಪೋರ್ಟ್ಸ್ ಕಾರೇ. ಸೋದರಮಾವ ನಾನಿರೋವಾಗ ನಿಮಗ್ಯಾಕೆ ಯೋಚನೆ? ನನಗೆ ಬಿಡಿ."

ಬಿಟ್ಟರು. ತಪ್ಪಾಗಿದ್ದು ಅಲ್ಲೇ.

ಹೊರಗೆ ಬಂದ ಸಿದ್ಧಾರ್ಥ ಅವನ ತೋಳು ಹಿಡಿದುಕೊಂಡ. "ಮಾವ, ಸ್ವಲ್ಪ ಹುಷಾರು. ತನುಜ ಅವರಪ್ಪ ಪೊಲೀಸ್ ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆದೋರು. ಆಗ್ಲೇ ಎರಡು ಸಂಬಂಧ ಅನುಮಾನ ಬಂದು ಬಿಟ್ಟವ್ರೆ. ಒಬ್ಬ ಜಾಸ್ತಿ ನಕ್ಕನಂತೆ. ಇನ್ನೊಬ್ಬ ನಗಲೇ ಇಲ್ವಂತೆ."

"ನೀನೇನು ಮಾಡ್ದೆ?"

"ಅರ್ಧ ನಕ್ಕೆ. ಅದಕ್ಕೇ ಪಾಸಾಗಿದ್ದು. ನನಗೆ ಅವಳೇ ಬೇಕು ಮಾವ, ಇದೊಂದು ಕೆಡಿಸ್ಬೇಡ."

"ಕಾರಿಗೂ ಮದ್ವೆಗೂ ಏನೋ ಸಂಬಂಧ?" ಎಂದು ಮುರಳಿಮೋಹನ ಪೂರ್ತಿ ನಕ್ಕ.

ಗೌರಿಬಿದನೂರಿನಲ್ಲಿ ಮದುವೆ ಕಾರು ಅಂದರೆ ಅಸ್ಗರ್ ಗ್ಯಾರೇಜು. ಅಸ್ಗರ್ ಸಾಹೇಬರ ಬಳಿ ಎರಡು ಸ್ಪೋರ್ಟ್ಸ್ ಕಾರುಗಳಿದ್ದವು. ಎರಡೂ ಬೆಂಗಳೂರಿನ ಯಾವುದೋ ದೊಡ್ಡ ಮನೆಯಲ್ಲಿ ಯೌವನ ಕಳೆದು, ಮುಪ್ಪಿಗೆ ಇಲ್ಲಿಗೆ ಬಂದವು.

"ನೋಡಿ ಮೋಹನ್ ಸಾರ್, ಇದು ಕೆಂಪದು ಇದೆಯಲ್ಲ, ಇದು ಕೂಪೆ. ಇದ್ರದ್ದು ಬಾಗಿಲು ಎರಡೇ ಇದೆ. ಹಿಂದೆ ಕೂತೋರದ್ದು ಅಲ್ಲೇ ಇರ್ತಾರೆ, ಎಲ್ಲೂ ಹೋಗಲ್ಲ. ಇದು ಬಿಳೀದು, ಕನ್ವರ್ಟಿಬಲ್. ಇಲ್ಲಿ ಬಟನ್ ಒತ್ತಿದ್ರೆ ಟಾಪು ಹೋಗ್ತದೆ."

"ವಾಪಸ್ ಬರ್ತದಾ?"

"ಹೋಗೋದು ಗ್ಯಾರಂಟಿ ಸಾರ್. ಬರೋದು ಅದ್ರದ್ದು ಮರ್ಜಿ."

ಮುರಳಿಮೋಹನ ಕಣ್ಣು ಮುಚ್ಚಿಕೊಂಡು, ನಾಡಿ ಹಿಡಿಯುವ ವೈದ್ಯನ ಗಾಂಭೀರ್ಯದಿಂದ, ಬಿಳಿ ಕಾರಿನ ಬಾಗಿಲ ಅಂಚಿನ ಮೇಲೆ ಬೆರಳಾಡಿಸಿದ. "ಗಾಡಿ ಆರೋಗ್ಯವಾಗಿದೆ" ಎಂದ. ಟಾಪು ಇಳಿಸಿದ ಕಾರಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ಎರಡೂ ಮನೆಯವರಿದ್ದ ವಾಟ್ಸಾಪ್ ಗ್ರೂಪಿಗೆ ಹಾಕಿದ. ಕೆಳಗೆ ಬರೆದ: "ನಮ್ಮ ಆಯ್ಕೆ."

ಐದು ನಿಮಿಷಕ್ಕೆ ಚಿಂತಾಮಣಿಯಿಂದ ಧ್ವನಿಸಂದೇಶ ಬಂತು. ಹುಡುಗಿಯ ಸೋದರತ್ತೆ ಆಂಜಿನಮ್ಮನದು. ಆಕೆಯ ಕನ್ನಡ ತೆಲುಗಿನ ಅಂಗಳದಲ್ಲಿ ಆಡಿ ಬೆಳೆದದ್ದು.

"ಅಯ್ಯೋ ನಾಯ್ನಾ! ಇದು ಲಾರಿ ಕೆಳಕ್ಕೆ ನುಗ್ಗಿರೋ ಕಾರು ಕದಾ! ಮೇಲಿನ ತಗಡೆಲ್ಲ ಸವರಿಕೊಂಡು ಹೋಗೈತೆ! ಒಳಗಿದ್ದೋರು ಏನಾದ್ರಪ್ಪಾ? ಸತ್ತೋರ ಕಾರಿನಾಗ ನಮ್ಮ ಹುಡುಗೀನ ಕೂರಿಸ್ತೀರಾ?"

ಇದಕ್ಕೆ ಅನಸೂಯಮ್ಮ ಫೋನು ಮಾಡಿ, "ಏನಮ್ಮ, ಬುದ್ಧವಂದನೆ ಮಾಡಿಸಿ ಮದ್ವೆ ಮಾಡೋರು ನಾವು. ಇನ್ನೂ ಇಂಥ ನಂಬಿಕೆಯಾ?" ಅಂದರು.

"ನಂಬಿಕೆ ಎಲ್ಲಾ ಯಾವತ್ತೋ ಬಿಟ್ಟಿದ್ದೀವಮ್ಮಾ. ಬೆಕ್ಕು ಅಡ್ಡ ಬಂದ್ರೆ ಹಾಲು ಹಾಕಿ ಕಳಿಸ್ತೀನಿ ನಾನು. ಆದ್ರೆ ಸತ್ತೋರ ಕಾರು ಅನ್ನೋದು ನಂಬಿಕೆ ಅಲ್ಲ. ಇನ್ಫರ್ಮೇಷನ್ನು."

ಆ ಇನ್ಫರ್ಮೇಷನ್ನು ಆಂಜಿನಮ್ಮನ ತಮ್ಮನ ಕಿವಿಗೆ ಬಿತ್ತು. ತಮ್ಮ ಅಂದರೆ ಹುಡುಗಿಯ ತಂದೆ ಚೆನ್ನರಾಯಪ್ಪ. ಮೂವತ್ತನಾಲ್ಕು ವರ್ಷ ಸರ್ವಿಸು. ಹಾಲಿನವನು ಹಾಲು ಹಾಕಿ ಹೋದರೆ "ಇಷ್ಟು ಬೇಗ ಯಾಕೆ ಹೋದ?" ಎಂದು ಯೋಚಿಸುವ ಮನುಷ್ಯ. ಮುರಳಿಮೋಹನನಿಗೆ ಫೋನು ಬಂತು.

"ಮುರಳಿಮೋಹನ್ ಬಿನ್?"

ಅಪ್ಪನ ಹೆಸರು ಕೇಳುವ ಆ ಠಾಣೆಯ 'ಬಿನ್' ಕೇಳಿ ಮುರಳಿಮೋಹನ ಎದ್ದು ನಿಂತ. "ಬಿನ್ ಲೇಟ್ ಮುನಿಶಾಮಪ್ಪ ಸಾರ್."

"ನಮಸ್ಕಾರ ಬೀಗರೇ. ಊಟ ಆಯ್ತಾ? ಸದರಿ ವಾಹನದ ಮೇಲ್ಭಾಗ ಯಾವ ಸ್ಟೇಷನ್ ಸರಹದ್ದಿನಲ್ಲಿ ಹೋಯ್ತು?"

"ಹೋಗಿಲ್ಲ ಸಾರ್. ಕಾರಲ್ಲೇ ಇದೆ."

"ಕಾರಲ್ಲಿ ಎಲ್ಲಿ?"

"ಡಿಕ್ಕೀಲಿ ಸಾರ್."

"ಡಿಕ್ಕಿ ಆಗಿರೋದು ನಿಜ ಅಂತ ಒಪ್ಕೊಂಡ್ರಲ್ಲ! ಎದುರುಗಡೆ ವಾಹನ ಯಾವುದು?"

ಮುರಳಿಮೋಹನ ಬೆವರಿದ. ಆದರೆ ತಜ್ಞನಾದವನು ಸೋಲುವುದುಂಟೆ? ಮಾರನೆ ದಿನ ಗ್ಯಾರೇಜಿಗೆ ಹೋದ. ಅಸ್ಗರ್ ಸಾಹೇಬರು ಬಟನ್ ಒತ್ತಿ, ಬೇಡಿಕೊಂಡು, ಮತ್ತೆ ಒತ್ತಿ, ಟಾಪು ಮೇಲಕ್ಕೆ ತರಿಸಿದರು. ಅದರ ಫೋಟೋ ಗ್ರೂಪಿಗೆ ಹೋಯಿತು. "ನೋಡಿ, ಮುಚ್ಚಳ ಇದೆ" ಎಂದು ಬರೆದ. ಇದಕ್ಕಿಂತ ಸಾಕ್ಷಿ ಬೇಕೇ?

ಸಾಕ್ಷಿಯೇನೋ ಆಯಿತು, ಆರೋಪಿಯ ವಿರುದ್ಧ. ಚೆನ್ನರಾಯಪ್ಪ ಚಿಂತಾಮಣಿಯ ಜೆರಾಕ್ಸ್ ಅಂಗಡಿಯಲ್ಲಿ ಎರಡೂ ಫೋಟೋ ಪ್ರಿಂಟು ತೆಗೆಸಿ ಅಕ್ಕಪಕ್ಕ ಅಂಟಿಸಿದರು. ಅದೇ ಕಾರು, ಅದೇ ನಂಬರು, ಅದೇ ಮುರಳಿಮೋಹನ. ಮುಚ್ಚಳವಿದ್ದದ್ದರ ಕೆಳಗೆ ಕೆಂಪು ಶಾಯಿಯಲ್ಲಿ "ಘಟನೆಗೆ ಮುಂಚೆ" ಎಂದೂ, ಇಲ್ಲದ್ದರ ಕೆಳಗೆ "ಘಟನೆಯ ನಂತರ" ಎಂದೂ ಬರೆದು ಗ್ರೂಪಿಗೆ ಹಾಕಿದರು. ಆಂಜಿನಮ್ಮ ಅದರ ಕೆಳಗೆ ಕೈ ಮುಗಿಯುವ ಚಿತ್ರ ಹಾಕಿದರು, ಸತ್ತವರಿಗೆ.

"ಎರಡೂ ಫೋಟೋದಲ್ಲಿ ನೀವು ನಗ್ತಾ ನಿಂತಿದ್ದೀರಾ ಬೀಗರೇ" ಎಂದರು ಚೆನ್ನರಾಯಪ್ಪ ಫೋನಿನಲ್ಲಿ, ಮೆಲ್ಲಗೆ. "ಅದೇ ನನ್ನ ತಲೆ ಕೆಡಿಸ್ತಿರೋದು."

ಮುರಳಿಮೋಹನ ಯಾರನ್ನೂ ಕೇಳದೆ ಬಿಳಿ ಕಾರನ್ನು ಬಿಟ್ಟ. ಕೆಂಪು ಕೂಪೆಯನ್ನು ಗೊತ್ತುಮಾಡಿದ. ಬೆಸುಗೆ ಹಾಕಿದ ಗಟ್ಟಿ ಟಾಪು, ಕದಲುವ ಪ್ರಶ್ನೆಯೇ ಇಲ್ಲ. ಮನೆಗೆ ಬಂದು ಹೇಳಿದಾಗ ಅಕ್ಕನಿಗೆ ಸಮಾಧಾನವಾಯಿತು. ಗಂಗುಲಮ್ಮ ಮಾತ್ರ ಕೇಳಿದರು, "ಮುಚ್ಚಳ?"

"ಇದೆ ಅಜ್ಜಿ. ಫಸ್ಟ್ ಕ್ಲಾಸ್ ಮುಚ್ಚಳ."

ಅಜ್ಜಿ ಎಲೆ ಅಡಿಕೆ ಚೀಲದ ಬಾಯಿ ಎಳೆದು ಕಟ್ಟಿ, ಗೋಡೆ ಕಡೆ ತಿರುಗಿ ಕೂತರು. ಅನಸೂಯಮ್ಮ ತಮ್ಮನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು. "ನಮ್ಮತ್ತೆದು ಏನೋ ಇದೆ ಕಣೋ. ಎಪ್ಪತ್ತೆಂಟು ವರ್ಷ, ಯಾವತ್ತೂ ಏನೂ ಬೇಕು ಅಂದೋರಲ್ಲ. ಈಗ ಮುಚ್ಚಳ ಮುಚ್ಚಳ ಅಂತಾರೆ. ಆ ಚಿಂತಾಮಣಿಯೋರು ಏನಾದ್ರೂ ಹೇಳ್ಕೊಟ್ಟವ್ರಾ?" ಅನುಮಾನ ಹೀಗೆ ಗಡಿ ದಾಟಿ ಗಂಡಿನ ಮನೆಗೂ ಬಂದಿಳಿಯಿತು.

ಅತ್ತ ಚಿಂತಾಮಣಿಯಲ್ಲಿ ಕೆಂಪು ಕೂಪೆಯ ಫೋಟೋ ತಲುಪಿತ್ತು. ಚೆನ್ನರಾಯಪ್ಪ ಅದನ್ನು ಬೆಳಕಿಗೆ ಹಿಡಿದು, ಕನ್ನಡಕ ತೆಗೆದು, ಹಾಕಿ, ನೋಡಿದರು. ಕಪ್ಪು ಗಾಜು. ಎರಡೇ ಬಾಗಿಲು. ಹಿಂದೆ ಕೂತವರು ತಾವಾಗಿ ಇಳಿಯುವಂತಿಲ್ಲ.

"ನನ್ನ ಸರ್ವಿಸಿನಲ್ಲಿ ಇಂಥ ಏರ್ಪಾಡು ಒಂದೇ ಗಾಡೀಲಿ ನೋಡಿರೋದು" ಎಂದರು ಅಕ್ಕನಿಗೆ. "ಅದು ಆರೋಪಿಗಳನ್ನ ಕೋರ್ಟಿಗೆ ಕರ್ಕೊಂಡು ಹೋಗೋ ಗಾಡಿ. ಮೊದಲು ಪೂರ್ತಿ ಬಿಚ್ಚಿದ ಕಾರು ಅಂದ್ರು. ನಾನು ಎರಡು ಪ್ರಶ್ನೆ ಕೇಳಿದ ತಕ್ಷಣ ಪೂರ್ತಿ ಮುಚ್ಚಿದ ಕಾರು. ಹುಡುಗನ ಮುಖ ಊರಲ್ಲಿ ಯಾರಿಗೋ ಕಾಣಬಾರದು. ಯಾರಿಗೆ?"

"ಇನ್ನೊಬ್ಬಳು ಇದ್ದಾಳೇನೋ, ಉಂದೇಮೋ" ಎಂದರು ಆಂಜಿನಮ್ಮ. ಗಾಬರಿಯಾದಾಗ ಅವರ ತೆಲುಗು ಹೊರಗೆ ಬರುತ್ತಿತ್ತು.

ಮಾರನೆ ದಿನ ಹುಡುಗನ ಊರಿನ ಬಸ್ ಸ್ಟಾಪಿನ ಟೀ ಅಂಗಡಿಯಲ್ಲಿ ಅಪರಿಚಿತರೊಬ್ಬರು ಬಂದು ಕೂತರು. ಪಂಚೆ, ತಲೆಗೆ ಟವೆಲು, ಕೈಯಲ್ಲಿ ಪೇಪರು. ರೈತನ ವೇಷ ಸಂಪೂರ್ಣ. ಪಂಚೆಯ ಕೆಳಗೆ ಪಾಲಿಶ್ ಮಾಡಿದ ಕಂದು ಬೂಟೊಂದನ್ನು ಬಿಟ್ಟು. ಊರಿನ ನಾಯಿ ಕೂಡ ಎದ್ದು ದೂರ ಹೋಗಿ ಮಲಗಿತು.

"ಟೀ ಕುಡೀರಿ ಸಾರ್. ಯಾವ ಸ್ಟೇಷನ್ನು?" ಎಂದ ಅಂಗಡಿಯವನು.

"ನಾನು ರಾಗಿ ವ್ಯಾಪಾರಕ್ಕೆ ಬಂದೋನು. ಈ ಸಿದ್ಧಾರ್ಥ್ ಅಂತ ಹುಡುಗ ಹೆಂಗೆ?"

"ಒಳ್ಳೇ ಹುಡುಗ ಸಾರ್."

"ಎಷ್ಟು ಒಳ್ಳೇವ್ನು?"

ಅಂಗಡಿಯವನು ಯೋಚಿಸಿದ. ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. "ಬೇಕಾದಷ್ಟು ಸಾರ್."

"ಯಾರಿಗೆ ಬೇಕಾದಷ್ಟು? ಬೇರೆ ಯಾರಾದ್ರೂ ಇದ್ದಾರಾ?"

"ಬೇರೆ ಯಾರೂ ಇಲ್ಲ ಸಾರ್."

"ಹಂಗಾದ್ರೆ ಇರೋರು ಯಾರು?"

ಅಂಗಡಿಯವನು ಹೆದರಿ ಎರಡನೇ ಟೀ ಕೊಟ್ಟ. ಕೇಳದೆ ಕೊಟ್ಟ ಟೀ! ಚೆನ್ನರಾಯಪ್ಪ ಪುಸ್ತಕ ತೆಗೆದು ಅದನ್ನೂ ಬರೆದುಕೊಂಡರು.

ಸಂಜೆ ತನುಜ ಸಿದ್ಧಾರ್ಥನಿಗೆ ಫೋನು ಮಾಡಿದಳು. "ಅಪ್ಪ ಲಗ್ನಪತ್ರಿಕೆ ಹಂಚೋದು ನಿಲ್ಲಿಸಿಬಿಟ್ರು ಕಣ್ರೀ. ಶನಿವಾರ ಬೆಳಗ್ಗೆ ಅತ್ತೇನೂ ಕರ್ಕೊಂಡು ಆ ಗ್ಯಾರೇಜಿಗೆ ಬರ್ತಾರಂತೆ. ಮಹಜರು ಮಾಡ್ತಾರಂತೆ. ಅವತ್ತು ಅನುಮಾನ ತೀರಲಿಲ್ಲ ಅಂದ್ರೆ ಈ ಸಂಬಂಧ ಬೇಡ ಅಂತವ್ರೆ. ನಿಮ್ಮ ಮಾವನ್ನ ಬಾಯಿ ಮುಚ್ಕೊಂಡಿರೋಕೆ ಹೇಳಿ."

ಶನಿವಾರ ಹತ್ತಕ್ಕೆ ಅಸ್ಗರ್ ಗ್ಯಾರೇಜಿನಲ್ಲಿ ಎರಡೂ ಕಡೆಯವರು ಸೇರಿದರು. ಬೇಡವೆಂದರೂ ಗಂಗುಲಮ್ಮ ಬಂದಿದ್ದರು. ಹಳೆಯ ಟೈರೊಂದರ ಮೇಲೆ ಕೂತು ನೋಡುತ್ತಿದ್ದರು. ಚೆನ್ನರಾಯಪ್ಪ ಎರಡೂ ಕಾರಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದರು.

"ಮೊದಲು ಕೆಂಪು ವಾಹನ. ಅಳಿಯಂದಿರು ಹಿಂದಿನ ಸೀಟಿಗೆ ಹತ್ತಿ ತೋರಿಸಲಿ. ತಲೆಗೆ ಪೇಟ ಇಟ್ಕೊಂಡು."

ಮುಂದಿನ ಸೀಟು ಮಡಚಿದ ಸಂದಿಯಲ್ಲಿ ಸಿದ್ಧಾರ್ಥ ತಲೆ ತೂರಿಸಿದ. ಪೇಟ ಮೇಲೆ ಸಿಕ್ಕಿತು. ಬಗ್ಗಿದ, ಮೊಣಕಾಲು ಕೆಳಗೆ ಸಿಕ್ಕಿತು. ಕೂಪಮಂಡೂಕ ಅನ್ನುವುದನ್ನು ಎಷ್ಟೋ ವರ್ಷ ಪಾಠದಲ್ಲಿ ವಿವರಿಸಿದ್ದವನಿಗೆ ಕೂಪೆಯಲ್ಲಿ ಅವತ್ತು ಪ್ರಾಕ್ಟಿಕಲ್ಲು. ಇದನ್ನು ನೋಡಿ ಚೆನ್ನರಾಯಪ್ಪನವರ ಹಳೆಯ ಅಭ್ಯಾಸ ತಡೆಯಲಾರದೆ ಎಚ್ಚೆತ್ತಿತು. ಒಂದೇ ಹೆಜ್ಜೆಗೆ ಹೋಗಿ ಹುಡುಗನ ತಲೆಯ ಮೇಲೆ ಕೈಯಿಟ್ಟು ಒತ್ತಿ, "ತಲೆ ತಗ್ಗಿಸೋ! ನಡಿ ಒಳಕ್ಕೆ!" ಎಂದು ಗದರಿದರು. ತಕ್ಷಣ ನಾಲಿಗೆ ಕಚ್ಚಿಕೊಂಡು, "ತಗ್ಗಿಸಿ ಅಳಿಯಂದ್ರೇ" ಎಂದರು.

ಒಳಗೆ ಹೋದದ್ದಾಯಿತು. ಹೊರಗೆ ಬರುವಾಗ ಸಿದ್ಧಾರ್ಥ ಹಿಂಬದಿ ಮೊದಲು ಬಂದ.

"ಬಾಗಿಲಲ್ಲಿ ಜನ ಹೂವು ಹಿಡ್ಕೊಂಡು ನಿಂತಿರ್ತಾರೆ" ಎಂದರು ಆಂಜಿನಮ್ಮ. "ಮದುಮಗ ಹಿಂಗೆ ಇಳಿದ್ರೆ ಹೂವು ಎಲ್ಲಿಗೆ ಹಾಕೋದಪ್ಪಾ?"

ಕೂಪೆ ಬಿದ್ದುಹೋಯಿತು. ಇನ್ನು ಬಿಳಿ ಕಾರು. ಆಂಜಿನಮ್ಮ ತಾವೇ ಹಿಂದಿನ ಸೀಟಿನಲ್ಲಿ ಕೂತರು, ರಕ್ತದ ಕಲೆ ಇದೆಯೇ ನೋಡಲು. ಮುರಳಿಮೋಹನ ಬಟನ್ ಒತ್ತಿದ. ಡಿಕ್ಕಿಯ ಮುಚ್ಚಳ ತೆರೆಯಿತು, ಒಳಗಿಂದ ಟಾಪು ಆಕಳಿಸುತ್ತ ಎದ್ದಿತು, ಆಂಜಿನಮ್ಮನ ತಲೆಯ ಮೇಲೆ ಅರ್ಧಕ್ಕೆ ಬಂದು, ಕೀಚ್ ಎಂದು ನಿಂತಿತು.

"ಅಯ್ಯೋ ಚೆನ್ನಾ! ನನ್ನ ಮೇಲೂ ಬಂತಲ್ಲೋ!"

ಅಸ್ಗರ್ ಸಾಹೇಬರು ಆಕಾಶ ನೋಡಿದರು. "ನಾನು ಮೊದಲೇ ಹೇಳಿದ್ದೆ ಸಾರ್, ಅದ್ರದ್ದು ಮರ್ಜಿ."

ಚೆನ್ನರಾಯಪ್ಪ ಪುಸ್ತಕ ಮಡಚಿದರು. "ಸಾಕು. ನಡಿ ಅಕ್ಕ, ಹೋಗಣ." ಸಿದ್ಧಾರ್ಥನ ಮುಖ ಬಿಳಿ ಕಾರಿಗಿಂತ ಬಿಳಿಯಾಯಿತು.

ಆದರೆ ಮುರಳಿಮೋಹನ ಅಲ್ಲಾಡದೆ ನಿಂತಿದ್ದ. ಆ ಕೀಚ್ ಸದ್ದು ಅವನಿಗೆ ಗೊತ್ತಿತ್ತು. ಜೀವನದಲ್ಲಿ ನಿಜವಾಗಿ ಗೊತ್ತಿದ್ದ ಒಂದೇ ಸದ್ದು ಅದು. ಟಾಪಿನ ಕೀಲಿನ ಸಂದಿಗೆ ಕೈ ಹಾಕಿ ತಡಕಾಡಿ, ಹಾವಾಡಿಗನಂತೆ ಮೊಳದುದ್ದದ ಕರಿ ರಬ್ಬರ್ ಪಟ್ಟಿಯೊಂದನ್ನು ಹೊರಗೆಳೆದ.

"ಬೀಡಿಂಗ್ ಉಲ್ಟಾ ಕೂರಿಸಿದ್ದು ಯಾರ್ರೀ?" ಎಂದು ಗರ್ಜಿಸಿದ. ಪಟ್ಟಿಯನ್ನು ತಿರುವಿ, ಹೆಬ್ಬೆರಳಿನಿಂದ ಒತ್ತುತ್ತ ಒತ್ತುತ್ತ ಕೂರಿಸಿದ. ಬಟನ್ ಒತ್ತಿದ. ಟಾಪು ರೇಷ್ಮೆ ಸೀರೆ ಮಡಚಿದ ಹಾಗೆ ಮಡಚಿಕೊಂಡು ಡಿಕ್ಕಿಯೊಳಗೆ ಹೋಯಿತು. ಮತ್ತೆ ಬಂತು. ಮತ್ತೆ ಹೋಯಿತು. ಚೆನ್ನರಾಯಪ್ಪ ಏಳು ಸಲ ಮಾಡಿಸಿದರು. ಆಂಜಿನಮ್ಮ ಡಿಕ್ಕಿಯೊಳಗೆ ಕೈ ಹಾಕಿ ಮುಟ್ಟಿ ನೋಡಿ, "ಇಲ್ಲೇ ಐತೆ ಕಣೋ ಚೆನ್ನಾ" ಎಂದರು, ಸ್ವಲ್ಪ ನಿರಾಸೆಯಿಂದ.

"ವಾಹನ ಸರಿ" ಎಂದರು ಚೆನ್ನರಾಯಪ್ಪ. "ಉದ್ದೇಶ ಇನ್ನೂ ಸಾಬೀತಾಗಿಲ್ಲ. ಮೇಲೆ ಏನೂ ಇರಬಾರದು ಅಂತ ಮೊದಲು ಹೇಳಿದ್ದು ಯಾರು? ಯಾಕೆ?"

ಗಂಡಿನ ಕಡೆಯವರೆಲ್ಲರ ಬೆರಳೂ ಟೈರಿನ ಕಡೆ ತಿರುಗಿತು. ಅನಸೂಯಮ್ಮನದೂ.

ಗಂಗುಲಮ್ಮ ಬಾಯಲ್ಲಿದ್ದ ಎಲೆಯನ್ನು ಕೆನ್ನೆಗೆ ಸರಿಸಿದರು. "ನಮ್ಮ ಮದ್ವೆ ಆಗಿ ಊರಿಗೆ ಬಂದಾಗ ನಮ್ಮೋರು ಎತ್ತಿನ ಗಾಡಿ ಕಟ್ಟಿಸಿದ್ರಪ್ಪ. ಊರ ಮುಂದಿನ ಹುಣಸೆ ಮರದ ತಾವ ಮೇಲಿನ ಕೇರಿಯೋರು ನಿಲ್ಸಿದ್ರು. ಇಳಿದು ನಡ್ಕಂಡು ಹೋಗ್ರಿ, ನಿಮಗ್ಯಾಕೆ ಗಾಡಿ ಅಂದ್ರು. ಇಳಿದ್ವಿ. ಚಪ್ಪಲಿ ಕೈಯಾಗೆ ಹಿಡ್ಕಳ್ರಿ ಅಂದ್ರು. ಹಿಡ್ಕಂಡ್ವಿ. ಹೊಸ ಚಪ್ಪಲಿ ನಂದು, ಚಿಕ್ಕಬಳ್ಳಾಪುರದಿಂದ ತಂದಿದ್ರು." ಒಂದು ಸಲ ಅಗಿದರು. "ನಮ್ಮತ್ತೆ ಸಾಯೋಗಂಟ ಅಂತಿದ್ರು, ಗಾಡಿಗೆ ಕಮಾನು ಕಟ್ಟಿದ್ರೆ ಒಳಗೆ ಯಾರವ್ರೆ ಅಂತ ಕಾಣ್ತಿರ್ಲಿಲ್ಲ, ಇಳಿಸ್ತಿರ್ಲಿಲ್ಲ ಅಂತ. ಮುಚ್ಕಂಡು ಹೋಗೋದಾದ್ರೆ ಅವಾಗ್ಲೇ ಹೋಗಬಹುದಿತ್ತಲ್ಲಪ್ಪ."

ಅಸ್ಗರ್ ಸಾಹೇಬರು ಹೋಗಿ ಗಾಳಿ ತುಂಬುವ ಮೆಷಿನ್ನು ನಿಲ್ಲಿಸಿದರು. ಚೆನ್ನರಾಯಪ್ಪ ಪುಸ್ತಕ ತೆರೆದು ಪೆನ್ನು ಹಿಡಿದು ನಿಂತರು. ಏನೂ ಬರೆಯದೆ ಮಡಚಿಟ್ಟರು. ಆಮೇಲೆ ಬೂಟಿನಿಂದ ಸೀಮೆಸುಣ್ಣದ ಗೆರೆಯನ್ನು ಅಳಿಸುತ್ತ, ಸ್ವಲ್ಪ ಜಾಸ್ತಿಯೇ ಜೋರಾಗಿ, "ಸದರಿ ಮುಚ್ಚಳವನ್ನ ಇಳಿಸ್ರೀ! ಮದುವೆ ಮುಗಿಯೋವರೆಗೂ ಮೇಲಕ್ಕೆ ಬರಕೂಡದು!" ಎಂದರು.

"ಅದ್ರದ್ದು ಮರ್ಜಿ..." ಎಂದು ಶುರುಮಾಡಿದ ಅಸ್ಗರ್ ಸಾಹೇಬರನ್ನು ಮುರಳಿಮೋಹನ ತಡೆದ. "ಮರ್ಜಿಗಿರ್ಜಿ ಇಲ್ಲ. ನಾನಿದ್ದೀನಿ."

ಮದುವೆಯ ದಿನ ಬೆಳಗ್ಗೆ ಹತ್ತರ ಬಿಸಿಲಿನಲ್ಲಿ ಬಿಳಿ ಕಾರು ಊರೊಳಗೆ ಬಂತು. ಹಿಂದಿನ ಸೀಟಿನಲ್ಲಿ ಸಿದ್ಧಾರ್ಥ, ತನುಜ. ಸ್ಟೀರಿಂಗ್ ಹಿಡಿದು ಅಸ್ಗರ್ ಸಾಹೇಬರು, ಪಕ್ಕದಲ್ಲಿ ಗಂಗುಲಮ್ಮ. ಡಿಕ್ಕಿಯ ಮೇಲೆ ಎರಡೂ ಕೈ ಒತ್ತಿಕೊಂಡು, ಹೆಗಲ ಮೇಲೆ ಶಲ್ಯದಂತೆ ಒಂದು ಸ್ಪೇರ್ ಬೀಡಿಂಗ್ ಹಾಕಿಕೊಂಡು ಮುರಳಿಮೋಹನ ಹಿಂದೆ ನಡೆಯುತ್ತಿದ್ದ. ಮುಂದೆ ತಮಟೆಯವರು, ಅವರಿಗೂ ಮುಂದೆ ಚೆನ್ನರಾಯಪ್ಪ ಸೀಟಿ ಊದುತ್ತ, ಎದುರಿಗೆ ಒಂದು ಸೈಕಲ್ಲೂ ಇಲ್ಲದ ರಸ್ತೆಯಲ್ಲಿ ಟ್ರಾಫಿಕ್ಕನ್ನು ಎರಡೂ ಬದಿಗೆ ಸರಿಸುತ್ತಿದ್ದರು. ಊರವರು ಮೊಬೈಲು ಎತ್ತಿ ಫೋಟೋ ತೆಗೆಯುತ್ತಿದ್ದರು, ಹೆಚ್ಚಾಗಿ ಕಾರಿನದು.

ಹುಣಸೆ ಮರ ಹೋಗಿ ಎಷ್ಟೋ ಕಾಲವಾಗಿತ್ತು. ಆ ಜಾಗದಲ್ಲಿ ಈಗ ಅದೇ ಟೀ ಅಂಗಡಿ. ಅಲ್ಲಿಗೆ ಬಂದಾಗ ಗಂಗುಲಮ್ಮ, "ನಿಲ್ಸಪ್ಪ" ಎಂದರು.

ಕಾರು ನಿಂತಿತು. ತಮಟೆ ನಿಂತಿತು. ಚೆನ್ನರಾಯಪ್ಪ ಸೀಟಿ ಬಾಯಲ್ಲಿಟ್ಟುಕೊಂಡೇ ಹಿಂತಿರುಗಿ ನೋಡಿದರು. ಗಂಗುಲಮ್ಮ ಬಗ್ಗಿ, ಕಾಲ ಬಳಿಯಿದ್ದ ಪ್ಲಾಸ್ಟಿಕ್ ಚೀಲದಿಂದ ಹೊಸ ಚಪ್ಪಲಿ ಜೋಡಿ ತೆಗೆದು, ಒಂದು ಕಾಲಿಗೆ ಹಾಕಿ, ಇನ್ನೊಂದಕ್ಕೂ ಹಾಕಿ, ಪಟ್ಟಿ ಬಿಗಿಮಾಡಿ, ನೆಟ್ಟಗೆ ಕೂತರು.

"ಈಗ ನಡಿ."

ಮೂವತ್ತನಾಲ್ಕು ವರ್ಷದ ಸರ್ವಿಸಿನಲ್ಲಿ, ಅದರಾಚೆಯೂ, ಚೆನ್ನರಾಯಪ್ಪ ಯಾಕೆ ಎಂದು ಕೇಳದೇ ಹೋದದ್ದು ಅದೊಂದೇ ಸಲ. ಸೀಟಿ ಊದಿದರು.

ಊಟದ ಪಂಕ್ತಿಯಲ್ಲಿ ಆಂಜಿನಮ್ಮ ಪಾಯಸದ ಲೋಟ ಕೆಳಗಿಟ್ಟು ಪಕ್ಕದವರ ಕಿವಿಗೆ ಬಾಗಿದರು. "ಮದ್ವೆ ಭೇಷಾಗಿ ಆಯ್ತಮ್ಮಾ, ಇಲ್ಲ ಅನ್ನಲ್ಲ. ಆದ್ರೂ ಆ ಕಾರಿನಾಗ ಇದ್ದೋರು ಏನಾದ್ರು ಅಂತ ಇವತ್ತಿನವರೆಗೂ ಯಾರೂ ಬಾಯಿ ಬಿಡ್ತಿಲ್ಲ ನೋಡು, ಚೂಡು!"